ರಾಣಿ ಎರಡು, ಲೇಬಲ್ ಒಂದು

ಮೊದಲೇ ಹೇಳಿಬಿಡ್ತೀನಿ, ನಾನು ಕೀಟತಜ್ಞ ಅಲ್ಲ. ಮ್ಯೂನಿಕ್‌ನಲ್ಲಿ ಡೇಟಾ ಸೈಂಟಿಸ್ಟ್. ಯಾವುದಕ್ಕೆ ಯಾವ ಹೆಸರು ಅಂಟಿಸಬೇಕು ಅಂತ ಕಂಪ್ಯೂಟರಿಗೆ ಕಲಿಸೋದೇ ದಿನದ ಕೆಲಸ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಮುಂದೆ ಬರುವ ತಪ್ಪು ಕೂಡ ತಪ್ಪು ಹೆಸರು ಅಂಟಿಸಿದ್ದೇ. ಆಫೀಸಿನಲ್ಲಾದರೆ ಅದಕ್ಕೊಂದು ಟಿಕೆಟ್ ತೆರೆದು, ಸರಿಮಾಡಿ, ಮುಚ್ಚಿಬಿಡ್ತೀವಿ. ಇಲ್ಲಿ ಹಾಗಾಗಲಿಲ್ಲ.

ಮನೆಯಲ್ಲಿ ಇರುವೆ ಸಾಕ್ತಿದ್ದೀನಿ ಅಂತ ಹೇಳಿದಾಗ ತಿಪಟೂರಿನಲ್ಲಿರುವ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇರುವೆನ ಯಾರಾದ್ರೂ ಸಾಕ್ತಾರೇನೋ? ಬೇಡ ಅಂದ್ರೂ ಬರ್ತವಲ್ಲ" ಅಂದರು. ನ್ಯಾಯವೇ. ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಕೂರಿಸಿ, ಗೋಡೆಗುಂಟ ಲಕ್ಷ್ಮಣರೇಖೆ ಚಾಕ್ ಎಳೆದ ಮನೆ ನಮ್ಮದು. ಅದೇ ಅಮ್ಮ ಬೆಳಗ್ಗೆ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಹಾಕಿ, ಇರುವೆಗೂ ಒಂದು ತುತ್ತು ಆಯ್ತು ಅಂತಿದ್ದರು. ಹೊಸಲಿನಾಚೆ ಅತಿಥಿ, ಹೊಸಲಿನೀಚೆ ಶತ್ರು. ನಾನು ಹೊಸಲಿನೀಚೆಗೇ ತಂದು, ಪುಸ್ತಕದ ಶೆಲ್ಫಿನ ಮೇಲೆ ಇಟ್ಟುಕೊಂಡೆ.

ಶುರುವಾಗಿದ್ದು 2021ರ ಜುಲೈನಲ್ಲಿ. ಎರಡು ದಿನ ಸುಡುಬಿಸಿಲು, ರಾತ್ರಿ ಗುಡುಗು ಮಳೆ, ಮರುದಿನ ಮಧ್ಯಾಹ್ನ ಗಾಳಿಯೇ ಇಲ್ಲದ ಸೆಕೆ. ಇಂಥ ದಿನ ಇಲ್ಲಿನ ಫುಟ್‌ಪಾತ್ ಕಲ್ಲುಗಳ ಸಂದಿಯಿಂದ ರೆಕ್ಕೆಯ ಇರುವೆಗಳು ಉಕ್ಕಿ ಬರುತ್ತವೆ. ಒಂದು ಗೂಡಿನಿಂದ ಮಾತ್ರ ಅಲ್ಲ, ಇಡೀ ಬಡಾವಣೆಯ ಗೂಡುಗಳಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಾಗೆ ಬಂದರೆ ತಾನೇ ಈ ಗೂಡಿನ ಹೆಣ್ಣಿಗೆ ಆ ಗೂಡಿನ ಗಂಡು ಸಿಗೋದು. ಹವಾಮಾನವೇ ಮುಹೂರ್ತ, ಪುರೋಹಿತರ ಗೊಡವೆ ಇಲ್ಲ.

ನನಗೆ ತಕ್ಷಣ ನೆನಪಾಗಿದ್ದು ಈಸಲು. ಇಲ್ಲೇ ಹುಟ್ಟಿ ಬೆಳೆದವರಿಗೆ ಹೇಳ್ತೀನಿ: ಈಸಲು ಅಂದ್ರೆ ರೆಕ್ಕೆ ಬಂದ ಗೆದ್ದಲು. ನಮ್ಮ ಕಡೆ ಮೊದಲ ಮಳೆ ಬಿದ್ದ ಸಂಜೆ ನೆಲದಿಂದ ಹೊಗೆಯ ಹಾಗೆ ಎದ್ದು ಟ್ಯೂಬ್‌ಲೈಟಿಗೆ ಮುತ್ತುತ್ತವೆ. ಅಮ್ಮ ಮನೆಯ ದೀಪಗಳನ್ನೆಲ್ಲ ಆರಿಸಿ, ಜಗುಲಿಯ ಬಲ್ಬಿನ ಕೆಳಗೆ ಒಂದು ಬೋಗುಣಿ ನೀರಿಡುತ್ತಿದ್ದರು. ಬೆಳಗಾದರೆ ನೆಲದ ತುಂಬ ರೆಕ್ಕೆ. ತುಂಬಾ ವರ್ಷ ನಾನು ಈಸಲನ್ನೇ ರೆಕ್ಕೆ ಬಂದ ಇರುವೆ ಅಂದುಕೊಂಡಿದ್ದೆ. ಅಲ್ಲ. ಗೆದ್ದಲಿಗೆ ಸೊಂಟ ಇಲ್ಲ, ಎದೆ ಹೊಟ್ಟೆ ಒಂದೇ ಸಮ. ನಾಲ್ಕು ರೆಕ್ಕೆಯೂ ಒಂದೇ ಉದ್ದ. ಮೀಸೆ ಮಣಿಸರದ ಹಾಗೆ ನೆಟ್ಟಗೆ. ಇರುವೆಗೆ ಸೊಂಟ ದಾರದಷ್ಟು ಸಣ್ಣ, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ದೊಡ್ಡದು, ಹೆಣ್ಣಿನ ಮೀಸೆ ನಮ್ಮ ಮೊಣಕೈ ಹಾಗೆ ಮಡಚಿರುತ್ತದೆ. ಇಷ್ಟು ನೋಡಿದರೆ ಮೊದಲ ಬಾಗಿಲು ದಾಟಿದಿರಿ.

ಎರಡನೆಯ ಬಾಗಿಲು ಗಂಡೋ ಹೆಣ್ಣೋ ಅನ್ನೋದು. ಇದು ಸುಲಭ. ಗಂಡು ಚಿಕ್ಕದು, ತೆಳ್ಳಗೆ, ಪುಟಾಣಿ ತಲೆ. ದೂರದಿಂದ ಯಾವುದೋ ನೊಣ ಅನ್ನಿಸುತ್ತದೆ. ಒಂದೆರಡು ದಿನದಲ್ಲಿ ಅವುಗಳ ಕಥೆ ಮುಗಿಯುತ್ತದೆ. ಹೆಣ್ಣು ಅದರ ಎರಡರಷ್ಟು ಇರುತ್ತದೆ.

ಮೂರನೆಯದರಲ್ಲಿ ಹೊಸಬರೆಲ್ಲ ಎಡವುತ್ತಾರೆ. ರಾಣಿ ರೆಕ್ಕೆ ಕಳಚಿಕೊಂಡ ಮೇಲೆ ಸುಮ್ಮನೆ ಒಂದು ದಪ್ಪ ಇರುವೆಯ ಹಾಗೆ ಕಾಣುತ್ತಾಳೆ. ಹಾಗಾಗಿ ಕಂಡ ದಪ್ಪ ಇರುವೆಯನ್ನೆಲ್ಲ ರಾಣಿ ಅಂದುಕೊಂಡು ಹಿಡಿದು ತರುತ್ತೇವೆ. ಇಲ್ಲಿನ ಕಾಡಂಚಿನಲ್ಲಿ ಸಿಗುವ ಕ್ಯಾಂಪೊನೋಟಸ್ ಜಾತಿಯ ದೊಡ್ಡ ಕೆಲಸಗಾರರನ್ನು ನೋಡಿದರೆ ಯಾರಿಗಾದರೂ ಮೋಸ ಹೋಗಬೇಕು ಅನ್ನಿಸುತ್ತದೆ. ನಮ್ಮ ಕಟ್ಟಿರುವೆಯ ಬಳಗ, ಅಷ್ಟು ದಪ್ಪ ತಲೆ. ಆದರೆ ತಲೆ ನೋಡಬೇಡಿ, ಹೊಟ್ಟೆಯೂ ಬೇಡ. ಎದೆ ನೋಡಿ. ಕೆಲಸಗಾರ ಇರುವೆಯ ಎದೆ ಸಪೂರ, ಅದಕ್ಕೆ ಹಾರುವ ಕೆಲಸವೇ ಇಲ್ಲ. ರಾಣಿಯ ಎದೆ ಉಬ್ಬಿದ ಗೂನಿನ ಹಾಗೆ, ಮೇಲೆ ಹಲಗೆ ಹಲಗೆ ಜೋಡಿಸಿದ ಹಾಗೆ. ಅದರೊಳಗೆ ಇರೋದು ರೆಕ್ಕೆ ಬಡಿಯುವ ಸ್ನಾಯು. ಪಕ್ಕದಲ್ಲಿ ಎರಡೆರಡು ಸಣ್ಣ ಗಾಯದ ಗುರುತು ಕಂಡರೆ ಅಲ್ಲಿ ರೆಕ್ಕೆ ಇತ್ತು ಅಂತ ಅರ್ಥ.

ಒಂದು ಅಡ್ಡಮಾತು. ರಾಣಿ ಅನ್ನುವ ಜಾತಿಯೇ ಇಲ್ಲದ ಇರುವೆಗಳೂ ಇವೆ. ದಕ್ಷಿಣ ಭಾರತದಲ್ಲೂ ಸಿಗುವ ಒಂದು ಕುಲದ ಹೆಸರು ಡಯಾಕಮ್ಮ. ಕೇಳಿದರೆ ನಮ್ಮೂರಿನ ಯಾರೋ ಹಿರಿಯ ಹೆಂಗಸು ಅನ್ನಿಸುತ್ತೆ, ಅಲ್ವಾ? ಅಲ್ಲಿ ಗಂಡಿನ ಜತೆ ಕೂಡಿದ ಒಬ್ಬ ಕೆಲಸಗಾರಳೇ ಮೊಟ್ಟೆ ಇಡುತ್ತಾಳೆ. ಅಲ್ಲಿ ಎದೆ ನೋಡಿ ರಾಣಿ ಹುಡುಕಲು ಹೊರಟರೆ ಜೀವಮಾನವಿಡೀ ಹುಡುಕುತ್ತಿರಬೇಕಾಗುತ್ತದೆ. ಅಂದರೆ ನಾನು ಹೇಳುತ್ತಿರುವ ಗುರುತುಗಳು ನಾನಿರುವ ಜಾಗದ್ದು. ನೀವು ದುಬೈನಲ್ಲೋ ಸಿಡ್ನಿಯಲ್ಲೋ ಇದ್ದರೆ ನಿಮ್ಮ ಕಾಲ ಕೆಳಗಿನ ಇರುವೆಗಳು ಬೇರೆ, ಅಲ್ಲಿಯ ಕಾನೂನೂ ಬೇರೆ. ಇಲ್ಲಿ ಸೂಜಿ ಎಲೆಗಳ ಗುಡ್ಡೆ ಕಟ್ಟುವ ಕೆಂಪು ಕಾಡಿರುವೆಗೆ ಕಾನೂನಿನ ರಕ್ಷಣೆ ಇದೆ, ಅದನ್ನು ಮುಟ್ಟುವ ಹಾಗಿಲ್ಲ.

ಆ ಜುಲೈ ಸಂಜೆ ರೆಕ್ಕೆ ಕಳಚಿ ಫುಟ್‌ಪಾತಿನ ಅಂಚಿನಲ್ಲಿ ಗಡಿಬಿಡಿಯಿಂದ ಓಡುತ್ತಿದ್ದ ಒಬ್ಬಳು ಸಿಕ್ಕಳು. ಡಬ್ಬಿ ಇರಲಿಲ್ಲ. ಇಯರ್‌ಬಡ್ಸ್ ಜೇಬಿಗೆ ಹಾಕಿಕೊಂಡು ಅದರ ಕೇಸಿನಲ್ಲಿ ಅವಳನ್ನು ಮನೆಗೆ ತಂದೆ. ಗ್ರಾಫ್ ಹಾಳೆಯ ಮೇಲೆ ಅಳೆದರೆ 9 ಮಿಲಿಮೀಟರ್. ಕಪ್ಪು ಅನ್ನಬಹುದಾದ ಕಂದು. ಸೊಂಟದಲ್ಲಿ ಒಂದೇ ಗಂಟು. ಎರಡಿದ್ದಿದ್ದರೆ ಕುಟುಕುವ ಮಿರ್ಮಿಕಾ ಇರಬಹುದು ಅಂತ ಹುಷಾರಾಗಬೇಕಿತ್ತು. ಮೇಲಿನಿಂದ ನೋಡಿದಾಗ ತಲೆ ಎದೆಗಿಂತ ಕಿರಿದು. ಲಾಸಿಯಸ್ ನೈಗರ್. ಜರ್ಮನ್ನರು ಶ್ವಾರ್ತ್ಸೆ ವೇಗ್‌ಆಮೈಸೆ ಅಂತಾರೆ, ಕಪ್ಪು ದಾರಿಯಿರುವೆ. ಚೆಂದದ ಹೆಸರು.

ಇಷ್ಟರಿಂದ ನೈಗರ್ ಅಂತ ಖಚಿತವಾಗಿ ಹೇಳಬಹುದಾ? ಇಲ್ಲ. ಇದರ ಅವಳಿಯಂಥ ಪ್ಲಾಟಿಥೊರಾಕ್ಸ್ ಅನ್ನುವ ಇನ್ನೊಂದು ಜಾತಿ ಇದೆ. ಬರ್ನ್‌ಹಾರ್ಡ್ ಜೈಫರ್ಟ್ ಎಂಬ ಜರ್ಮನ್ ವಿಜ್ಞಾನಿ 1991ರಲ್ಲಿ ಅದನ್ನು ಬೇರೆ ಜಾತಿ ಅಂತ ವಿವರಿಸುವ ತನಕ ಎರಡೂ ಒಂದೇ ಹೆಸರಿನಲ್ಲಿ ಬದುಕಿದ್ದವು. ಆದರೆ ಸಾಕುವವನಿಗೆ ಈ ವ್ಯತ್ಯಾಸ ಅಷ್ಟು ಮುಖ್ಯ ಅಲ್ಲ, ಯಾಕೆಂದರೆ ಇಬ್ಬರೂ ಸಂಸಾರ ಹೂಡುವ ರೀತಿ ಒಂದೇ. ನಿಮಗೆ ನಿಜವಾಗಿ ಗೊತ್ತಾಗಬೇಕಿರೋದು ಹೆಸರಲ್ಲ. ಈ ರಾಣಿ ಮನೆ ಕಟ್ಟೋದು ಹೇಗೆ ಅನ್ನೋದು. ಅದು ಗೊತ್ತಾಗೋಕೆ ಹೆಸರು ಒಂದು ದಾರಿ, ಅಷ್ಟೇ. ಈ ಮಾತು ನನಗೆ ಆಗ ಗೊತ್ತಿರಲಿಲ್ಲ.

ನೈಗರ್ ರಾಣಿ ಒಬ್ಬಂಟಿಯಾಗಿ ಮನೆ ಕಟ್ಟುತ್ತಾಳೆ. ಮಣ್ಣಿನಲ್ಲಿ ಸಣ್ಣ ಗುಹೆ ತೋಡಿ, ಒಳಗಿನಿಂದ ಮುಚ್ಚಿಕೊಂಡು, ಏನೂ ತಿನ್ನದೆ ಕೂರುತ್ತಾಳೆ. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನು ಕರಗಿಸಿ ಅದರಿಂದಲೇ ಮೊದಲ ಮಕ್ಕಳನ್ನು ಸಾಕುತ್ತಾಳೆ. ದೂರ ಹಾರಿ ಬಂದು, ರೆಕ್ಕೆ ಕಿತ್ತು, ಮೈ ಕರಗಿಸಿ ಹೊಸ ಮನೆ ಕಟ್ಟುವವಳು! ಇದನ್ನು ವಲಸೆಯ ರೂಪಕ ಮಾಡಿ ಕನ್ನಡ ಕೂಟದ ಸಂಚಿಕೆಗೆ ಕವಿತೆ ಬರೆಯಬೇಕು ಅನ್ನಿಸಿದರೆ ದಯವಿಟ್ಟು ತಡೆದುಕೊಳ್ಳಿ. ನಾನೂ ತಡೆದುಕೊಂಡಿದ್ದೀನಿ.

ಅವಳಿಗೆ ಬೇಕಾದ ಮನೆ ಒಂದು ಟೆಸ್ಟ್ ಟ್ಯೂಬ್. ಅರ್ಧದಷ್ಟು ನೀರು, ನೀರಿಗೆ ಒತ್ತಿದ ಹತ್ತಿ, ಆಮೇಲೆ ಒಂದಿಷ್ಟು ಖಾಲಿ ಜಾಗ, ಬಾಯಿಗೆ ಮತ್ತೆ ಹತ್ತಿ. ಕತ್ತಲು, ಅಲುಗಾಟವಿಲ್ಲದ ಮೂಲೆ. ಮುಖ್ಯ ಸೂಚನೆ ಒಂದೇ: ಸುಮ್ನಿರಿ. ಊಟ ಹಾಕಬೇಡಿ, ದಿನಾ ತೆಗೆದು ನೋಡಬೇಡಿ, ವಾರಕ್ಕೊಮ್ಮೆ ಸಾಕು. ಮೂರನೆಯ ದಿನ ಬಿಳಿ ಮೊಟ್ಟೆಗಳ ಸಣ್ಣ ಗುಂಪು ಕಂಡಿತು. ಆಮೇಲೆ ಮರಿಹುಳು, ಆಮೇಲೆ ಗೂಡು. ರಾಮನಗರದ ರೇಷ್ಮೆಗೂಡನ್ನು ಅಕ್ಕಿನುಚ್ಚಿನಷ್ಟು ಮಾಡಿದರೆ ಹೇಗಿರುತ್ತೋ ಹಾಗೆ. ಆಗಸ್ಟ್ ಕೊನೆಯ ವಾರ ಮೊದಲ ಕೆಲಸಗಾರಳು ಹೊರಬಂದಳು, ಪೇಲವ ಬಣ್ಣ, ಸಾಮಾನ್ಯ ಇರುವೆಗಿಂತ ಚಿಕ್ಕವಳು. ಆಗಲೇ ಪಕ್ಕಾ ಆಗಿದ್ದು, ನಮ್ಮ ರಾಣಿಗೆ ಮದುವೆಯಾಗಿತ್ತು ಅಂತ. ರೆಕ್ಕೆ ಉದುರಿದ್ದು ಅದಕ್ಕೆ ಪುರಾವೆ ಅಲ್ಲ. ಗಂಡು ಸಿಗದ ಹೆಣ್ಣೂ ಕೆಲವೊಮ್ಮೆ ರೆಕ್ಕೆ ಬಿಡುತ್ತಾಳೆ, ಮೊಟ್ಟೆಯನ್ನೂ ಇಡಬಹುದು. ಆದರೆ ಗಂಡಿನ ಬೀಜ ಸೇರದ ಮೊಟ್ಟೆಯಿಂದ ಬರೋದು ಗಂಡು ಮಾತ್ರ. ಕೆಲಸಗಾರರೆಲ್ಲ ಹೆಣ್ಣು. ಒಂದು ಹೆಣ್ಣು ಹುಟ್ಟಿದ ದಿನವೇ ಉತ್ತರ.

ಈಗ ಎರಡನೆಯವಳ ವಿಷಯ. ಇದನ್ನು ಬರೆಯೋಕೆ ಸ್ವಲ್ಪ ಹಿಂಜರಿಕೆ ಇದೆ.

ಅದೇ ವರ್ಷ ಆಗಸ್ಟ್ ನಡುವೆ, ಈಸಾರ್ ನದಿಯ ಪಕ್ಕ ಬೆಳಗ್ಗೆ ಓಡುವಾಗ ಇನ್ನೊಬ್ಬಳು ಸಿಕ್ಕಳು. ರೆಕ್ಕೆ ಇರಲಿಲ್ಲ, ಎದೆ ಉಬ್ಬಿತ್ತು, ಸೊಂಟದಲ್ಲಿ ಒಂದು ಗಂಟು. ಈ ಸಲ ನಾನು ಅನುಭವಸ್ಥ. ಮನೆಗೆ ತಂದು, ಫೋಟೋ ತೆಗೆದು, ಟ್ಯೂಬಿಗೆ ಹಾಕಿ, ಲೇಬಲ್ ಬರೆದೆ: ನೈಗರ್ 2. ನಮ್ಮ ಬೀದಿಯಲ್ಲಿ ಸಿಗೋದರಲ್ಲಿ ಹೆಚ್ಚಿನವು ನೈಗರ್ ತಾನೇ? ನನ್ನ ವೃತ್ತಿಯಲ್ಲಿ ಹೀಗೆ ಮಾಡುವ ಮಾಡೆಲ್‌ಗೆ ಒಂದು ಕುಹಕದ ಮರ್ಯಾದೆ ಇದೆ. ಎಲ್ಲಕ್ಕೂ ಬಹುಮತದ ಹೆಸರನ್ನೇ ಹೇಳುತ್ತಾ ಹೋದರೆ ಅಂಕ ಚೆನ್ನಾಗಿಯೇ ಬರುತ್ತೆ. ತಪ್ಪುವುದು ಅಪರೂಪದ ಕಡೆ ಮಾತ್ರ.

ಒಂದು ವಾರ, ಮೊಟ್ಟೆ ಇಲ್ಲ. ಎರಡು ವಾರ, ಇಲ್ಲ. ಸುಮ್ನಿರಿ ಅನ್ನೋ ಸೂಚನೆ ನೆನಪಿತ್ತು, ಸುಮ್ಮನಿದ್ದೆ. ನಾಲ್ಕನೆಯ ವಾರ ಹೆಂಡತಿ ಕೇಳಿದಳು, "ಅವಳು ಯಾಕೆ ಆ ಹತ್ತಿ ಕಡೆಯೇ ಓಡಾಡ್ತಾ ಇರ್ತಾಳೆ? ಇನ್ನೊಬ್ಬಳು ಹೀಗೆ ಮಾಡ್ತಿರಲಿಲ್ಲ." ನಿಜ, ಮೊದಲನೆಯವಳು ಒಂದೆಡೆ ಕೂತು ಬಿಟ್ಟಿದ್ದಳು. ಇವಳು ಬಾಗಿಲ ಹತ್ತಿಯನ್ನು ಕೆರೆಯುತ್ತಲೇ ಇದ್ದಳು. "ಒತ್ತಡ ಇರಬೇಕು, ಮುಟ್ಟಬೇಡ" ಅಂದೆ. ತಾಳ್ಮೆ ಅಂದುಕೊಂಡಿದ್ದೆ ನಾನು.

ಸೆಪ್ಟೆಂಬರ್ ಕೊನೆಗೆ ಅವಳ ನಡಿಗೆ ನಿಧಾನವಾಯಿತು. ಆಗ ಮಾತ್ರ ಮೊದಲ ದಿನದ ಫೋಟೋ ತೆಗೆದು ನೈಗರ್ 1ರ ಫೋಟೋ ಪಕ್ಕ ಇಟ್ಟು ನೋಡಿದೆ. ಎರಡು ನಿಮಿಷದ ಕೆಲಸ. ಒಂದನೆಯವಳ ತಲೆ ಎದೆಗಿಂತ ಕಿರಿದು. ಎರಡನೆಯವಳ ತಲೆ ಎದೆಯಷ್ಟೇ ಅಗಲ, ಬಹುಶಃ ಒಂದು ಕೂದಲು ಹೆಚ್ಚೇ. ಹೊಟ್ಟೆ ಚಿಕ್ಕದು. ಬಣ್ಣ ಕಪ್ಪಲ್ಲ, ಬೆಲ್ಲದ ಪಾಕದ ಕೆಂಗಂದು. ಲಾಸಿಯಸ್ ಉಂಬ್ರಾಟಸ್ ಗುಂಪಿನವಳು.

ಉಂಬ್ರಾಟಸ್ ರಾಣಿಗೆ ಒಬ್ಬಂಟಿಯಾಗಿ ಮನೆ ಕಟ್ಟಲು ಬರೋದಿಲ್ಲ. ಮಕ್ಕಳನ್ನು ಸಾಕುವಷ್ಟು ಕೊಬ್ಬು ಮೈಯಲ್ಲಿಲ್ಲ. ಆ ಚಿಕ್ಕ ಹೊಟ್ಟೆಯ ಅರ್ಥ ಅದೇ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ ಅವಳು ನೈಗರ್‌ನಂಥ ಇರುವೆಯ ಗೂಡಿಗೆ ಹೋಗಿ ಸೇರಬೇಕು. ಮೊದಲು ಆ ಗೂಡಿನ ಒಬ್ಬ ಕೆಲಸಗಾರಳನ್ನು ಹಿಡಿದು ಕೊಂದು, ಬಾಯಲ್ಲಿ ಕಚ್ಚಿಕೊಂಡು ಓಡಾಡುವುದನ್ನು ನೋಡಿದವರು ಬರೆದಿದ್ದಾರೆ. ಆ ಗೂಡಿನ ವಾಸನೆ ಮೈಗೆ ಹತ್ತಿದರೆ ಒಳಗೆ ಬಿಟ್ಟುಕೊಳ್ಳುತ್ತಾರೆ. ಒಳಗಿನ ಹಳೆಯ ರಾಣಿ ಸಾಯುತ್ತಾಳೆ, ಅಲ್ಲಿನ ಕೆಲಸಗಾರರು ಹೊಸಬಳ ಮಕ್ಕಳನ್ನು ಸಾಕುತ್ತಾರೆ, ನಿಧಾನವಾಗಿ ಇಡೀ ಗೂಡು ಅವಳದಾಗುತ್ತದೆ. ಕೆಟ್ಟವಳು ಅನ್ನಬೇಡಿ. ಅವಳಿಗೆ ಗೊತ್ತಿರುವ ದಾರಿ ಅದೊಂದೇ.

ಅವಳು ಹತ್ತಿ ಕೆರೆಯುತ್ತಿದ್ದದ್ದು ಹುಚ್ಚಿಗಲ್ಲ. ಯಾರದೋ ಮನೆಯ ಬಾಗಿಲು ಹುಡುಕುತ್ತಿದ್ದಳು. ಪಕ್ಕದ ಟ್ಯೂಬಿನಲ್ಲೇ, ಒಂದು ಗೇಣು ದೂರದಲ್ಲಿ, ಅವಳಿಗೆ ಬೇಕಾದ ಜಾತಿಯ ಕೆಲಸಗಾರರು ಓಡಾಡುತ್ತಿದ್ದರು.

ಜೇನುತುಪ್ಪದ ಹನಿ ಇಟ್ಟೆ. ಕುಡಿದಳೋ ಇಲ್ಲವೋ ಗೊತ್ತಾಗಲಿಲ್ಲ. ನೈಗರ್ ಕೆಲಸಗಾರರ ಗೂಡುಗಳನ್ನು ಹೊರಗಿನಿಂದ ತಂದು ಕೊಡಬಹುದು ಅಂತ ಓದಿದೆ, ಆದರೆ ಅಷ್ಟು ಹೊತ್ತಿಗೆ ಸೀಸನ್ ಮುಗಿಯುತ್ತಾ ಬಂದಿತ್ತು. ಅಕ್ಟೋಬರ್ 3, ಇಲ್ಲಿ ದೇಶಕ್ಕೆಲ್ಲ ರಜೆ, ಅವಳು ಅಂಗಾತ ಬಿದ್ದಿದ್ದಳು. ಒಂದು ಇರುವೆ. ಇಷ್ಟೊಂದು ಯಾಕೆ ಅಂತ ನಿಮಗನ್ನಿಸಬಹುದು. ಆ ಜುಲೈ ಮಧ್ಯಾಹ್ನ ಹಾರಿದ ರಾಣಿಯರಲ್ಲಿ ಹೆಚ್ಚಿನವರನ್ನು ಸಂಜೆಯೊಳಗೆ ಹಕ್ಕಿಗಳೇ ತಿಂದು ಮುಗಿಸಿದ್ದವು, ಅದು ನನಗೂ ಗೊತ್ತು. ಆದರೆ ಹಕ್ಕಿಯ ಹತ್ತಿರ ಫೋಟೋ ಇರಲಿಲ್ಲ. ನನ್ನ ಹತ್ತಿರ ಇತ್ತು, ಮೊದಲ ದಿನದಿಂದ. ಅಂಟಿಸಿದ ಮೇಲೆ ಲೇಬಲ್ ಓದಿದೆನೇ ಹೊರತು ಇರುವೆಯನ್ನು ನೋಡಲಿಲ್ಲ.

ಅದಕ್ಕೇ ನಿಮಗೆ ಹೇಳೋದು. ಮೊದಲ ದಿನವೇ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೀರಿ, ಅಳತೆಯ ಜತೆ. ಸಿಕ್ಕ ತಾರೀಖು, ಹೊತ್ತು, ಜಾಗ ಬರೆದಿಡಿ. ಯಾವ ತಿಂಗಳು ಹಾರಿದ್ದು ಅನ್ನೋದೇ ಅರ್ಧ ಗುರುತು. ಮ್ಯೂನಿಕ್‌ನಲ್ಲಿ ಮೇ ಜೂನ್‌ನಲ್ಲಿ ಬೆರಳಿನ ಉಗುರಿನಷ್ಟು ದೊಡ್ಡವಳು ಸಿಕ್ಕರೆ ಕ್ಯಾಂಪೊನೋಟಸ್ ಇರಬಹುದು, ಒಬ್ಬಂಟಿಯಾಗಿ ಕೂರುತ್ತಾಳೆ, ಆದರೆ ಬೆಳವಣಿಗೆ ಬಹಳ ನಿಧಾನ. ಮೇಲೆ ಕಂದು, ಹೊಟ್ಟೆಯ ಕೆಳಗೆ ಹಳದಿ ಛಾಯೆ, ತಲೆ ಕಿರಿದು ಇದ್ದರೆ ಫ್ಲಾವಸ್, ಅವಳೂ ಉಪವಾಸದವಳೇ. ಮಿರ್ಮಿಕಾ ಆದರೆ ಉಪವಾಸ ಇಡಬೇಡಿ, ಅವಳು ಮಧ್ಯೆ ಮಧ್ಯೆ ಹೊರಗೆ ಬಂದು ಊಟ ಹುಡುಕುವವಳು. ಇನ್ನು ತಲೆ ಎದೆಯಷ್ಟೇ ಅಗಲ ಇದ್ದರೆ ಸಿಕ್ಕ ಜಾಗದಲ್ಲೇ ಬಿಟ್ಟುಬಿಡಿ. ಇದು ಹೊಸಬರಿಗೆ ನನ್ನ ಅಭಿಪ್ರಾಯ, ಬೇರೆಯವರು ಬೇರೆ ಹೇಳಬಹುದು. ಮೊಟ್ಟೆ ಮೂರು ವಾರದಲ್ಲೂ ಕಾಣದಿದ್ದರೆ ಕಾಯಬೇಡಿ, ಫೋಟೋ ಮತ್ತೆ ನೋಡಿ.

ನೈಗರ್ 1 ಚೆನ್ನಾಗಿದ್ದಾಳೆ. ಮೊದಲ ಚಳಿಗಾಲ ಹನ್ನೊಂದು ಮಕ್ಕಳ ಜತೆ ನಮ್ಮ ಫ್ರಿಜ್ಜಿನಲ್ಲಿ ಮಲಗಿದಳು, ನವೆಂಬರಿನಿಂದ ಮಾರ್ಚ್‌ವರೆಗೆ. ಇವಕ್ಕೆ ಚಳಿಗಾಲದ ನಿದ್ದೆ ಬೇಕೇ ಬೇಕು. ಕರಿಬೇವು ಇಡುವ ತಟ್ಟೆಯಲ್ಲಿ ಮಾತ್ರ ಬೇಡ ಅಂತ ಹೆಂಡತಿಯ ಒಂದೇ ಷರತ್ತು. ಈಗ ನೂರಾರು ಮಕ್ಕಳು, ಬೆಲ್ಲದ ನೀರು ಅಂದ್ರೆ ಪ್ರಾಣ, ಮರಿಹುಳುಗಳಿಗೆ ಹಣ್ಣಿನ ನೊಣ.

ಒಂದು ವಿಷಯ ಮಾತ್ರ ಅವಳನ್ನು ಹಿಡಿದ ಮೇಲೆ ಗೊತ್ತಾಯಿತು, ಮೊದಲೇ ಗೊತ್ತಿದ್ದರೆ ಹಿಡಿಯುತ್ತಿದ್ದೆನೋ ಇಲ್ಲವೋ. ಹೆರ್ಮಾನ್ ಆಪೆಲ್ ಎಂಬುವರು ಸಾಕಿದ್ದ ಒಂದು ನೈಗರ್ ರಾಣಿ 28 ವರ್ಷಕ್ಕೂ ಹೆಚ್ಚು ಬದುಕಿದ್ದಳು. ಒಂದು ಮಧ್ಯಾಹ್ನದ ಮದುವೆ, ಆ ಬೀಜವನ್ನೇ ಮೈಯಲ್ಲಿ ಕಾಪಿಟ್ಟುಕೊಂಡು ಅಷ್ಟು ವರ್ಷ ಮೊಟ್ಟೆ. ನಾನು ಅವಳನ್ನು ಹಿಡಿದಾಗ ನನ್ನ ಬ್ಲೂ ಕಾರ್ಡಿನ ಮೇಲೆ 2023ರ ತಾರೀಖಿತ್ತು. 2016ರಲ್ಲಿ ಮಾಸ್ಟರ್ಸ್‌ಗೆ ಬಂದಾಗ "ಎರಡು ವರ್ಷ ಅಮ್ಮ" ಅಂದಿದ್ದೆ. ಆಮೇಲೆ ಪ್ರತಿ ಯುಗಾದಿಗೂ "ಇನ್ನೆರಡು ವರ್ಷ". ಅವಳನ್ನು ತಿಪಟೂರಿಗೆ ಒಯ್ಯುವ ಹಾಗಿಲ್ಲ, ಒಯ್ಯಲೂಬಾರದು. ಒಂದು ಸೀಮೆಯ ಇರುವೆ ಇನ್ನೊಂದು ಸೀಮೆಗೆ ಹೋಗಿ ಮಾಡಿದ ಅನಾಹುತಗಳ ಪಟ್ಟಿ ಉದ್ದವಿದೆ. ಅಮ್ಮನಿಗೆ ಇದನ್ನು ಹೇಳಿದೆ, ತಮಾಷೆಗೆ. ಅವರು ನಗಲಿಲ್ಲ. "ಇಪ್ಪತ್ತೆಂಟು ವರ್ಷಾನಾ?" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಆಗ ನನಗೆ ತೊಂಬತ್ತಾಗಿರತ್ತೆ" ಅಂದರು. ನಾನು ಹವಾಮಾನದ ಮಾತು ತೆಗೆದೆ.

ಕಳೆದ ಆಗಸ್ಟ್‌ನಲ್ಲಿ ಸ್ನೇಹಿತರ ಮನೆಯವರು ಊಟಕ್ಕೆ ಬಂದಿದ್ದರು. ಅವರ ಮಗಳಿಗೆ ಒಂಬತ್ತು ವರ್ಷ, ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತೆ, ಮಾತು ಅರ್ಧ ಜರ್ಮನ್. ಬಾಗಿಲಲ್ಲೇ ನನ್ನ ಮುಂದೆ ಒಂದು ಬೆಂಕಿಪೊಟ್ಟಣ ಹಿಡಿದಳು. "ಅಂಕಲ್, ಕೊನಿಗಿನ್! ರಾಣಿ!" ನಿಮ್ಮ ಗೇಟಿನ ಹತ್ತಿರ ಸಿಕ್ಕಿದ್ದು ಅಂದಳು. ಶೆಲ್ಫಿನ ಮೇಲಿನ ಮನೆ ತೋರಿಸಿ, ಭೂತಕನ್ನಡಿ ಕೊಟ್ಟೆ. ಇಬ್ಬರನ್ನೂ ನೋಡಿ ಏನು ಬೇರೆ ಅಂತ ಹೇಳು ಅಂದೆ. ಅವಳು ಬಹಳ ಹೊತ್ತು ನೋಡಿದಳು, ನಾನು ಆ ಆಗಸ್ಟ್‌ನಲ್ಲಿ ನೋಡಬೇಕಿದ್ದಷ್ಟು ಹೊತ್ತು.

"ಇವಳಿಗೆ ತಲೆ ಜಾಸ್ತಿ ದೊಡ್ಡದು. ಮತ್ತೆ ಬ್ರೌನ್."

ಊಟ ಆರುತ್ತಿತ್ತು, ಒಳಗಿನಿಂದ ಕರೆಯುತ್ತಿದ್ದರು. ಇಬ್ಬರೂ ಚಪ್ಪಲಿ ಹಾಕಿಕೊಂಡು ಕೆಳಗಿಳಿದೆವು. ಗೇಟಿನ ಪಕ್ಕದ ಕಲ್ಲುಗಳ ಸಂದಿಯಲ್ಲಿ ದಾರಿಯಿರುವೆಗಳ ಸಾಲು ಹೋಗುತ್ತಿತ್ತು. ಅದರಿಂದ ಒಂದು ಮಾರು ದೂರ ಪೊಟ್ಟಣ ತೆರೆದಿಟ್ಟೆವು. ರಾಣಿ ಅಂಚಿಗೆ ಬಂದು ನಿಂತು ಮೀಸೆ ಆಡಿಸಿದಳು. ಹುಡುಗಿ ಕುಕ್ಕರಗಾಲಲ್ಲಿ ಕೂತು ಕೇಳಿದಳು, "ಅವರು ಇವಳನ್ನ ಒಳಗೆ ಬಿಡ್ತಾರಾ?"

"ಬಿಡ್ಲೂಬಹುದು, ಕೊಲ್ಲಲೂಬಹುದು."

"ಅವಳಿಗೆ ಗೊತ್ತಾ?"

ರಾಣಿ ಕೆಳಗಿಳಿದು ಸಾಲಿನ ಕಡೆಗೇ ಓಡಿದಳು.